ಕಡೆಯ ಸವಾರರ ವೇಗ

ನಮ್ಮ ದೊಡವಾಡದ ಸುತ್ತಿನ ಎರೆ ಸೀಮೆಯಿಂದ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ರೂಢಿ ಹಳೆಯದು. ಕಾಡುದಾರಿಯಲ್ಲಿ ಚಕ್ಕಡಿಗಳು ಒಂದರ ಹಿಂದೊಂದು ಸಾಗುತ್ತವೆ, ದಣಿದ ಎತ್ತಿಗೆ ತಕ್ಕಂತೆ ಸಾಲೆಲ್ಲ ನಿಧಾನವಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ದಂಡೆಗುಂಟ ಗುಂಪಾಗಿ ಸೈಕಲ್ ತುಳಿಯುವವರಿಗೂ ಇದೇ ಕ್ರಮ ಸರಿ ಎಂಬುದು ನನ್ನ ವಾದ. ಸುಮಾರು 270 ಕಿ.ಮೀ.ಗಳ ಈ ದಾರಿ ಕಸರತ್ತು ಮಾಡಿದ ಹುಡುಗರಿಗಷ್ಟೇ ಸಾಧ್ಯ ಎಂದು ಹಿಂಜರಿಯುವವರು ಬಹಳ. ನಾಲ್ಕು ದಿನಕ್ಕೆ ಹಂಚಿದರೆ ದಿನದ ಪಾಲು 70 ಕಿ.ಮೀ. ಒಳಗೇ ಬರುತ್ತದೆ. ದೂರದ ಸವಾರಿಯಲ್ಲಿ ಜನ ಸೋಲುವುದು ಹೆಚ್ಚಾಗಿ ಮೊದಲ ಎರಡು ತಾಸಿನ ಅವಸರದಿಂದ.

ಇದಕ್ಕೆ ಕಾರಣ ಗಾಳಿಯಲ್ಲಿದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಸ್ವಲ್ಪ ಜೋರಾಗಿ ಹೋಗಿ ಉಳಿಸಿದ ಹೊತ್ತಿಗೆ ದೇಹ ತೆರುವ ಬೆಲೆ ದೊಡ್ಡದು. ಎದುರುಗಾಳಿ ಬೀಸಿದಾಗಂತೂ ನಿಧಾನ ಹೋಗುವವರಿಗೂ ತಡೆ ಹೆಚ್ಚುತ್ತದೆ. ಆಗ ಮುಂದಿನವರ ಬೆನ್ನಹಿಂದೆ ಹತ್ತಿರದಲ್ಲೇ ಸಾಗುವವರಿಗೆ ಆ ತಡೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಉಳಿತಾಯವಾಗುವುದುಂಟು. ಬಲ ಇದ್ದವರು ಸರದಿಯಂತೆ ಮುಂದೆ ಬಂದರೆ ಆ ಉಳಿತಾಯ ಎಲ್ಲರಿಗೂ ಸಿಗುತ್ತದೆ. ಅವಸರ ಬೇಡದ ದೂರದ ಸವಾರಿಗಳೂ ಇವೆ. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ಸವಾರಿ 1891ರಲ್ಲಿ ಪಂದ್ಯವಾಗಿ ಹುಟ್ಟಿತು. ಇಂದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದೇ 1200 ಕಿ.ಮೀ. ಸವಾರಿಯಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ, 90 ತಾಸಿನ ಗಡುವಿನೊಳಗೆ ಮುಗಿಸಿದರೆ ಸಾಕು. ನಮ್ಮ ದೇಶದಲ್ಲೂ ನಡೆಯುವ ಇದೇ ಬಗೆಯ 200 ಕಿ.ಮೀ. ಸವಾರಿಗೆ ಹದಿಮೂರೂವರೆ ತಾಸು ಕೊಡುತ್ತಾರೆ. ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲ ಸೇರಿ ತಾಸಿಗೆ ಹದಿನೈದು ಕಿ.ಮೀ.ಗೂ ಸ್ವಲ್ಪ ಕಡಿಮೆ!

ಕರಾವಳಿ ಎಂದರೆ ಸಪಾಟು ನೆಲ ಎಂಬ ಊಹೆಯನ್ನು ಮಾತ್ರ ಇಲ್ಲೇ ಬಿಟ್ಟು ಹೊರಡಬೇಕು. ಉತ್ತರ ಕನ್ನಡದಲ್ಲಿ ಗುಡ್ಡಗಳು ಕಡಲಿನ ಹತ್ತಿರಕ್ಕೇ ಚಾಚಿವೆ, ರಸ್ತೆ ಮತ್ತೆ ಮತ್ತೆ ಏರಿ ಇಳಿಯುತ್ತದೆ. ನಡುವೆ ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಸೇತುವೆಗಳು. ಏರಿಗಿಂತ ನಮ್ಮವರನ್ನು ಹೆಚ್ಚು ಕಾಡುವುದು ಅಲ್ಲಿನ ಸೆಕೆ. ಬೈಲಹೊಂಗಲ, ಸವದತ್ತಿಯ ಒಣ ಬಿಸಿಲಿನಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಕಡಲ ತೇವದ ಗಾಳಿಯಲ್ಲಿ ಅದು ಆರದೆ ಸೋರುತ್ತದೆ. ನೀರು, ಉಪ್ಪು ಎರಡೂ ಹೋಗುತ್ತವೆ, ಮೈಯ ಕಾವು ಇಳಿಯುವುದಿಲ್ಲ. ಬರೀ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ಮಜ್ಜಿಗೆ ಬೇಕು. ಬೆಳಕು ಹರಿದ ಕೂಡಲೇ ಹೊರಟು ಬಿಸಿಲೇರುವ ಮುಂಚೆ ದಿನದ ಹೆಚ್ಚಿನ ಪಾಲು ಮುಗಿಸಬೇಕು. ಚಳಿಗಾಲದ ಮಧ್ಯಾಹ್ನ ಕಡಲ ಗಾಳಿ ಹೆಚ್ಚಾಗಿ ವಾಯವ್ಯದ ಕಡೆಯಿಂದ ಬೀಸುವುದರಿಂದ ಕಾರವಾರದಿಂದ ದಕ್ಷಿಣಕ್ಕೆ ಹೋಗುವುದೇ ಲೇಸು.

ಈ ದಾರಿ ಸಾಗುವ ಹೆದ್ದಾರಿ 66ರಲ್ಲಿ ಸೈಕಲ್ ಸವಾರಿ ಅಪಾಯವಲ್ಲವೇ ಎಂದು ಕೇಳುವವರ ಆತಂಕ ನಿಜವಾದದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಆದ್ದರಿಂದ ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. ಡಿಸೆಂಬರ್, ಜನವರಿಯಲ್ಲಿ ವಾಹನಗಳ ಭಯ ಉಳಿಯುತ್ತದೆ. ಅದಕ್ಕೆ ಆರೆಂಟು ಜನರ ಸಣ್ಣ ತಂಡ, ಒಂಟಿ ಸಾಲು, ಎದ್ದು ಕಾಣುವ ಬಣ್ಣದ ಅಂಗಿ, ಹಿಂಬದಿಗೆ ಕೆಂಪು ದೀಪ ಬೇಕು; ಒಂಟಿ ಸವಾರರಿಗಿಂತ ಇಂಥ ಸಾಲು ಲಾರಿಯವರ ಕಣ್ಣಿಗೆ ಬೇಗ ಬೀಳುತ್ತದೆ. ದುಬಾರಿ ಸೈಕಲ್ ಬೇಕಲ್ಲ ಎನ್ನುವ ಆಕ್ಷೇಪ ನನಗೆ ಅಷ್ಟು ಗಟ್ಟಿ ಅನಿಸುವುದಿಲ್ಲ. ಗೇರು ಇದ್ದರೆ ಏರು ಹಗುರಾಗುತ್ತದೆ, ಇಲ್ಲದಿದ್ದರೆ ಇಳಿದು ನೂಕಬಹುದು. ಗುಂಪು ಕಾಯುವುದಾದರೆ ಅದರಲ್ಲಿ ನಾಚಿಕೆ ಯಾಕೆ? ಹಾಗೆ ಕಾಯುತ್ತ ಕೂತರೆ ಗಟ್ಟಿಗರಿಗೆ ಬೇಸರ ಎನ್ನುತ್ತಾರೆ. ಆದರೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಇರುವ ಮರವಂತೆಯಂಥ ಜಾಗವನ್ನು ತಲೆ ತಗ್ಗಿಸಿ ದಾಟಿಹೋಗುವುದಾದರೆ ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ. ಗಟ್ಟಿಗರಿಗೆ ಕೆಲಸವೂ ಇದೆ: ಒಬ್ಬರು ಮುಂದೆ ಗಾಳಿ ತಡೆಯಬೇಕು, ಮೆಲ್ಲಗೆ ತುಳಿಯುವವರನ್ನು ತಮ್ಮ ಬೆನ್ನಿಗೇ ಇಟ್ಟುಕೊಳ್ಳಬೇಕು, ಇನ್ನೊಬ್ಬರು ಪಂಪು, ಟ್ಯೂಬು ಹೊತ್ತು ಎಲ್ಲರ ಹಿಂದೆ ಬರಬೇಕು.