ಯಾವ ಬೇನೆಗೆ ಯಾವ ಚಿತ್ರ?

ನಮ್ಮ ಬೀದರ ಸೀಮೆಯಲ್ಲಿ ‘ಸ್ಕ್ಯಾನಿಂಗ್’ ಎಂಬ ಒಂದೇ ಮಾತು ಮೂರು ಬಗೆಯ ಯಂತ್ರಗಳಿಗೆ ಸಲ್ಲುತ್ತಿದೆ. ಔರಾದಿನಿಂದಲೋ ಭಾಲ್ಕಿಯಿಂದಲೋ ರೋಗಿಯನ್ನು ಕರೆತಂದವರು, ‘ಎಷ್ಟಾದರೂ ಆಗಲಿ, ದೊಡ್ಡ ಸ್ಕ್ಯಾನಿಂಗೇ ಮಾಡಿಬಿಡಿ ಸಾಹೇಬರೇ’ ಎಂದು ವೈದ್ಯರನ್ನು ಬೇಡಿಕೊಳ್ಳುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ದೊಡ್ಡ ಯಂತ್ರಕ್ಕೆ ಎಲ್ಲವೂ ಕಾಣುವುದೆಂಬ ನಂಬಿಕೆ ಅವರದು. ವಾಸ್ತವದಲ್ಲಿ ಪ್ರತಿಯೊಂದು ಯಂತ್ರವೂ ಒಂದನ್ನು ಚೆನ್ನಾಗಿ ಕಾಣುತ್ತದೆ, ಮತ್ತೊಂದಕ್ಕೆ ಕುರುಡಾಗಿರುತ್ತದೆ.

ಇವುಗಳಿಗೆಲ್ಲ ಹಿರಿಯಣ್ಣನೆಂದರೆ 1895ರಲ್ಲಿ ಜರ್ಮನಿಯ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣ. ಬಿದರಿ ಹೂದಾನಿಯನ್ನು ನೋಡಿದವರಿಗೆ ಇದರ ಚಿತ್ರವನ್ನು ವಿವರಿಸುವುದು ಸುಲಭ. ಕೋಟೆಯ ಮಣ್ಣಿನಿಂದ ಕಪ್ಪಾದ ಲೋಹದ ಮೇಲೆ ಬೆಳ್ಳಿಯ ಎಳೆ ಬೆಳ್ಳಗೆ ಉಳಿಯುವಂತೆ, ಕಪ್ಪು ಫಿಲ್ಮಿನ ಮೇಲೆ ಎಲುಬು ಬೆಳ್ಳಗೆ ಉಳಿಯುತ್ತದೆ. ಮುರಿದ ಎಲುಬಿಗೆ ಇಷ್ಟು ಅಗ್ಗದ, ಇಷ್ಟು ಬೇಗನೆಯ ಪರೀಕ್ಷೆ ಬೇರಿಲ್ಲ. ಆದರೆ ಒಂದರ ನೆರಳು ಮತ್ತೊಂದರ ಮೇಲೆ ಬೀಳುವುದು ಇದರ ಕೊರತೆ. ಎದೆಯೊಳಗಿನ ಕಲೆಯನ್ನು ಇದು ತೋರಿಸೀತು. ಅದು ಕ್ಷಯವೇ ಎಂದು ಹೇಳಬೇಕಾದದ್ದು ಕಫದ ಪರೀಕ್ಷೆ.

ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನಲ್ಲಿ ಇಂಥ ಕಿರಣವೇ ಇಲ್ಲ. ಕಿವಿಗೆ ಕೇಳದ ಧ್ವನಿಯನ್ನು ಒಳಗೆ ಕಳುಹಿಸಿ, ಅದರ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಉಪಾಯವದು. ಪಿತ್ತಕೋಶದ ಹರಳಿಗೂ ಅದೇ ಮೊದಲ ಪರೀಕ್ಷೆ. ಎಲುಬೋ ಕರುಳಿನೊಳಗಿನ ಗಾಳಿಯೋ ಅಡ್ಡಬಂದರೆ ಮಾತ್ರ ಅದಕ್ಕೆ ಮುಂದಿನದು ಕಾಣದು. ಇಂಥ ಉಪಕಾರಿ ಯಂತ್ರವನ್ನು ಹೆಣ್ಣುಭ್ರೂಣದ ಹತ್ಯೆಗೆ ಬಳಸಿದ್ದರಿಂದ 1994ರಲ್ಲಿ ಕಾನೂನನ್ನೇ ತರಬೇಕಾಯಿತು. ಅದು ನಮ್ಮ ದೋಷ, ಯಂತ್ರದ್ದಲ್ಲ.

ಎಂ.ಆರ್.ಐ. ಪ್ರಬಲವಾದ ಅಯಸ್ಕಾಂತದಿಂದ ಕೆಲಸ ಮಾಡುತ್ತದೆ. ಬೆನ್ನುಹುರಿಗೆ, ಮೊಣಕಾಲಿನ ಕೀಲಿಗೆ ಅದಕ್ಕೆ ಸಮನಾದದ್ದಿಲ್ಲ. ಆದರೆ ಬಹಳ ಹೊತ್ತು ಅಲುಗಾಡದೆ ಮಲಗಿರಬೇಕು. ಮೈಯೊಳಗೆ ಲೋಹದ ಸಾಧನವಿರುವವರು ಮುಂಚೆಯೇ ತಿಳಿಸಬೇಕು.

ಇನ್ನು ಸಿ.ಟಿ. ಕ್ಷ-ಕಿರಣವನ್ನೇ ಸುತ್ತಲಿಂದ ಹಾಯಿಸಿ, ಗಣಕದ ಲೆಕ್ಕದಿಂದ ದೇಹವನ್ನು ಪದರು ಪದರಾಗಿ ತೋರಿಸುವ ವಿಧಾನವಿದು. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರವು ಮೊದಲ ಬಾರಿಗೆ ಒಬ್ಬ ರೋಗಿಯ ಮಿದುಳನ್ನು ಹೀಗೆ ತೋರಿಸಿತು. ಎದೆಯ ಒಂದು ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚು ಕಿರಣ ಇದರಲ್ಲಿ ಮೈಗೆ ತಾಗುವುದರಿಂದ, ಪ್ರತಿಯೊಂದು ತಲೆನೋವಿಗೂ ಇದನ್ನು ಬೇಡುವುದು ತರವಲ್ಲ.

ಆದರೆ ಲಕ್ವಾ ಹೊಡೆದಾಗ ಮಾತೇ ಬೇರೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಿರಬಹುದು, ಇಲ್ಲವೇ ಒಡೆದಿರಬಹುದು. ಹೊರಗಿನಿಂದ ಎರಡೂ ಒಂದೇ ತೆರ: ಬಾಯಿ ಸೊಟ್ಟಗಾಗಿದೆ, ಕೈ ಬಿದ್ದಿದೆ, ಮಾತು ತೊದಲುತ್ತಿದೆ. ಹೆಪ್ಪನ್ನು ಕರಗಿಸುವ ಔಷಧವನ್ನು ನಾಳ ಒಡೆದವರಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ರಕ್ತ ಸುರಿದಿದೆಯೇ ಇಲ್ಲವೇ ಎಂಬುದನ್ನು ಸಿ.ಟಿ. ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ನಾಳ ಕಟ್ಟಿದ್ದರಿಂದಾದ ಹಾನಿ ಮೊದಲ ಗಂಟೆಗಳಲ್ಲಿ ಅದರಲ್ಲಿ ಕಾಣದೆ ಹೋಗುವುದುಂಟು. ಆಗ ‘ಏನೂ ಇಲ್ಲವಂತೆ’ ಎಂದು ರೋಗಿಯನ್ನು ಮನೆಗೆ ಕರೆದೊಯ್ಯಬಾರದು. ರಕ್ತ ಕಾಣಲಿಲ್ಲವೆಂಬುದೇ ಅಲ್ಲಿ ವೈದ್ಯರಿಗೆ ಬೇಕಾದ ಉತ್ತರ.

ಈ ಔಷಧ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಔರಾದಿನಿಂದ ಬೀದರಕ್ಕೆ ಸುಮಾರು 40 ಕಿಲೋಮೀಟರು. ದಾರಿ ಅಷ್ಟೇನೂ ದೂರವಲ್ಲ. ಹೊತ್ತು ಹೋಗುವುದು ಹೊರಡುವ ಮುನ್ನ, ಎಣ್ಣೆ ತಿಕ್ಕಿಸುವುದರಲ್ಲಿ, ಪಾರಿವಾಳದ ರಕ್ತ ಹಚ್ಚಿಸುವುದರಲ್ಲಿ. ಹೊರಡುವಾಗಲೇ ಆಸ್ಪತ್ರೆಗೆ ಫೋನು ಮಾಡಿ, ಈ ಹೊತ್ತಿನಲ್ಲಿ ಸಿ.ಟಿ. ನಡೆಯುತ್ತಿದೆಯೇ ಎಂದು ಕೇಳಿಕೊಳ್ಳಿ. ರೋಗಿಯು ಕೊನೆಯ ಬಾರಿಗೆ ಎಂದಿನಂತೆ ಇದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.