ಲಸಿಕೆಯ ಲೆಕ್ಕ ನಮ್ಮ ತಕ್ಕಡಿಯಲ್ಲಿಯೇ ಆಗಲಿ

(ಅರಸೀಕೆರೆಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ವರ್ತಕ ಬಂಧುಗಳೇ,

ಈ ಸಭೆಗೆ ಬೇಲೂರು, ಹಳೇಬೀಡುಗಳಿಂದಲೂ ಮಿತ್ರರು ಬಂದಿದ್ದಾರೆ. ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಬಂದಿದ್ದೀರಿ. ತಮ್ಮ ಹೊತ್ತನ್ನು ಹಾಳುಮಾಡದೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ಊರಿಗೆ ಊರೇ ಪಿಡುಗಿಗೆ ಸಿಕ್ಕಿದಾಗ ಲಸಿಕೆ ಹಾಕಿಸಿಕೊಳ್ಳಬೇಕೆ, ಬೇಡವೆ? ಅದನ್ನು ನಾವು ಹೇಗೆ ತೀರ್ಮಾನಿಸಬೇಕು?

ಕೋವಿಡ್ ಪಿಡುಗು ಹಿಂದೆ ಸರಿದಿದೆ, ಈಗ ಈ ಮಾತೇಕೆ ಎಂದು ಕೆಲವರು ಕೇಳಬಹುದು. ಪಿಡುಗು ಬಾಗಿಲಿಗೆ ಬಂದು ನಿಂತ ಮೇಲೆ ಯೋಚಿಸುವುದಕ್ಕೆ ಪುರಸೊತ್ತು ಸಿಗುವುದಿಲ್ಲ. ಆಗ ಸಿಗುವುದು ಭಯ ಮತ್ತು ವದಂತಿ. ಆದುದರಿಂದ ಈಗಲೇ ಮಾತನಾಡಿಕೊಳ್ಳಬೇಕು. ಅದೂ ಅಲ್ಲದೆ, 2025ರಲ್ಲಿ ಈ ಪ್ರಶ್ನೆ ನಮ್ಮ ಹಾಸನ ಜಿಲ್ಲೆಯ ಹೆಸರು ಹಿಡಿದೇ ದೇಶದ ಮುಂದೆ ಬಂದಿತು.

ಹಾಸನದ ಸಾವುಗಳು

2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹಠಾತ್ತನೆ ತೀರಿಕೊಂಡರು. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವುಗಳೆಂದು ಪತ್ರಿಕೆಗಳು ಬರೆದವು. ಕೋವಿಡ್ ಲಸಿಕೆಯೇ ಹೃದಯವನ್ನು ಕೆಡಿಸಿದೆ ಎಂಬ ಮಾತು ಹಬ್ಬಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದು ಒಂದು ಕಾರಣವಾಗಿರಬಹುದು ಎಂಬರ್ಥದ ಮಾತನ್ನಾಡಿದರು. ಕೇಂದ್ರ ಸರ್ಕಾರ ಅದನ್ನು ಅಲ್ಲಗಳೆಯಿತು. ಇವರಿಬ್ಬರ ನಡುವೆ ಸಿಕ್ಕಿಕೊಂಡ ಜನ ಎದೆ ತೋರಿಸಿಕೊಳ್ಳಲು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು.

ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದ ತಜ್ಞರ ಸಮಿತಿ ಇದನ್ನು ವಿಚಾರಿಸಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಹಾಸನದ 24 ಸಾವುಗಳನ್ನು ಅವರು ಪರಿಶೀಲಿಸಿದರು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಅಪಘಾತದಲ್ಲಿ ಮತ್ತು ವಿದ್ಯುತ್ ತಗುಲಿ ಸತ್ತವರನ್ನೂ ಆ ಪಟ್ಟಿಗೆ ಸೇರಿಸಲಾಗಿತ್ತು. ಉಳಿದವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಕುಡಿತ ಇವುಗಳ ಪಾಲು ಕಂಡುಬಂದಿತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಇದಕ್ಕೂ ಮೊದಲು, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 19 ರಾಜ್ಯಗಳ 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಕುರಿತು ಅಧ್ಯಯನ ನಡೆಸಿತ್ತು. ಅದರಲ್ಲಿಯೂ ಲಸಿಕೆಯಿಂದ ಅಂತಹ ಸಾವು ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸು ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು.

ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ ಅಲ್ಲವೇ ಎಂದು ಕೇಳುವವರಿದ್ದಾರೆ. ವರ್ತಕರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ದೇಶದ ವಯಸ್ಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಲಸಿಕೆ ಹಾಕಿಸಿಕೊಂಡಿದ್ದಾರೆ. ಹಾಗಿರುವಾಗ ಯಾವ ಕಾರಣದಿಂದಲೇ ಆಗಲಿ 20 ಮಂದಿ ಸತ್ತರೆ, ಅವರಲ್ಲಿ 18 ಮಂದಿ ಲಸಿಕೆ ಪಡೆದವರೇ ಆಗಿರುತ್ತಾರೆ. ಹಾವು ಕಚ್ಚಿ ಸತ್ತವರನ್ನು ಎಣಿಸಿದರೂ ಹಾಗೆಯೇ. ಲಸಿಕೆಯ ನಂತರ ಆದದ್ದು ಬೇರೆ, ಲಸಿಕೆಯಿಂದ ಆದದ್ದು ಬೇರೆ. ಹಾಕಿಸಿಕೊಂಡವರಲ್ಲಿ ಎಷ್ಟು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ಹೋಲಿಸಿ ನೋಡದೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಈ ವದಂತಿಯಿಂದ ನಷ್ಟವಾದದ್ದು ಯಾರಿಗೆ? ಸತ್ತವರಲ್ಲಿ ಆಟೋ ಮತ್ತು ಬಾಡಿಗೆ ಕಾರು ಓಡಿಸುವವರ ಪಾಲು ಹೆಚ್ಚಾಗಿತ್ತು. ದಿನವಿಡೀ ಹೊಗೆಯಲ್ಲಿ ಕುಳಿತು, ಹೊತ್ತಿಗೆ ಸರಿಯಾಗಿ ಊಟವಿಲ್ಲದೆ, ನಿದ್ದೆಗೆಟ್ಟು ದುಡಿಯುವ ಜನ ಅವರು. ಅವರ ದುಡಿಮೆಯ ಹೊತ್ತು, ಅವರ ರಕ್ತದೊತ್ತಡದ ತಪಾಸಣೆ, ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಇವು ಚರ್ಚೆಯಾಗಬೇಕಾಗಿತ್ತು. ಎಲ್ಲ ತಪ್ಪನ್ನೂ ಸೂಜಿಯ ಮೇಲೆ ಹಾಕಿದ ಕೂಡಲೇ ಆ ಮಾತು ಹಿಂದಕ್ಕೆ ಬಿದ್ದಿತು.

ಅನುಮಾನ ಸುಮ್ಮನೆ ಹುಟ್ಟಲಿಲ್ಲ

ಆದರೆ ಅನುಮಾನಪಟ್ಟವರನ್ನು ದಡ್ಡರೆಂದು ಹಳಿಯುವುದಕ್ಕೆ ನಾನು ಸಿದ್ಧನಿಲ್ಲ. ಅನುಮಾನಕ್ಕೆ ಕಾರಣಗಳಿದ್ದವು. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ತುರ್ತು ಒಪ್ಪಿಗೆ ಸಿಕ್ಕಾಗ, ಅದು ಎಷ್ಟರಮಟ್ಟಿಗೆ ರೋಗ ತಡೆಯುತ್ತದೆ ಎಂಬ ಮೂರನೆಯ ಹಂತದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಮೊದಲ ಲೆಕ್ಕ ಹೊರಬಿದ್ದದ್ದು ಮಾರ್ಚ್‌ನಲ್ಲಿ. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಣ ಅಂತರ ಮೊದಲು 4ರಿಂದ 6 ವಾರವಿತ್ತು, ಮಾರ್ಚ್‌ನಲ್ಲಿ 6ರಿಂದ 8 ಆಯಿತು, ಮೇ ತಿಂಗಳಲ್ಲಿ 12ರಿಂದ 16 ಆಯಿತು. ಇದಕ್ಕೆ ವೈದ್ಯಕೀಯ ಕಾರಣ ಕೊಟ್ಟರು. ಆದರೆ ಲಸಿಕೆಗಾಗಿ ಜನ ಪರದಾಡುತ್ತಿದ್ದ ಹೊತ್ತಿನಲ್ಲಿ ಅದನ್ನು ನಂಬುವುದು ಸುಲಭವಾಗಿರಲಿಲ್ಲ.

ಬೆಲೆಯ ಮಾತನ್ನೂ ನೆನೆಯಿರಿ. ಅದೇ ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಗಳಿಗೆ 300, ಖಾಸಗಿ ಆಸ್ಪತ್ರೆಗೆ 600. ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳು ತೆಗೆದುಕೊಳ್ಳಬಹುದಾದ ಮಿತಿಯನ್ನು 780 ರೂಪಾಯಿ ಎಂದು ಗೊತ್ತುಮಾಡಿದರು. ನಾಲ್ವರು ವಯಸ್ಕರ ಕುಟುಂಬಕ್ಕೆ ಎರಡೆರಡು ಡೋಸು ಎಂದರೆ 6,240 ರೂಪಾಯಿ. ಲಾಕ್‌ಡೌನಿನಲ್ಲಿ ಕೂಲಿಯಿಲ್ಲದೆ ಕುಳಿತವನು ಅದನ್ನು ಎಲ್ಲಿಂದ ತರಬೇಕು? 18ರಿಂದ 44 ವಯಸ್ಸಿನವರಿಗೆ ಮೇ 1ರಿಂದ ಬಾಗಿಲು ತೆರೆದೆವೆಂದರು. ಕರ್ನಾಟಕದಲ್ಲಿ ದಾಸ್ತಾನು ಸಾಲದೆ ಅದೇ ತಿಂಗಳಲ್ಲಿ ಅವರ ಸರದಿ ನಿಲ್ಲಿಸಬೇಕಾಯಿತು. ಈ ವಯಸ್ಸಿನವರಿಂದ ಹಣ ಪಡೆಯುವ ನೀತಿ ಮೇಲ್ನೋಟಕ್ಕೇ ಮನಸೋ ಇಚ್ಛೆಯದು, ವಿವೇಕವಿಲ್ಲದ್ದು ಎಂದು ಸುಪ್ರೀಂ ಕೋರ್ಟು ಮೇ 31ರಂದು ಹೇಳಿತು. ಜೂನ್ 21ರಿಂದ ಎಲ್ಲ ವಯಸ್ಕರಿಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಯಿತು.

ಲಸಿಕೆಯಿಂದ ಅಪಾಯವೇ ಇರಲಿಲ್ಲವೆ? ಇತ್ತು. ಆಸ್ಟ್ರಾಜೆನೆಕಾ ಲಸಿಕೆ, ಅಂದರೆ ನಮ್ಮ ಕೋವಿಶೀಲ್ಡ್, ಬಹಳ ಅಪರೂಪವಾಗಿ ರಕ್ತ ಹೆಪ್ಪುಗಟ್ಟಿಸುತ್ತದೆ ಎಂಬುದು 2021ರಲ್ಲಿಯೇ ಗೊತ್ತಾಯಿತು. ಬ್ರಿಟನ್ನಿನವರು ಆ ಮೇ ತಿಂಗಳಲ್ಲಿ 40 ವರ್ಷದೊಳಗಿನವರಿಗೆ ಬೇರೆ ಲಸಿಕೆ ಕೊಡಲು ಹೇಳಿದರು. ನಮ್ಮ ಕೇಂದ್ರ ಸಮಿತಿಯ ಲೆಕ್ಕದಲ್ಲಿ ಅದು ಹತ್ತು ಲಕ್ಷ ಡೋಸಿಗೆ 0.61ರಷ್ಟು. ಅಪರೂಪ ನಿಜ. ಆದರೆ ಆ ಒಂದು ಮನೆಗೆ ಅದು ಅಪರೂಪವಲ್ಲ. ಅದನ್ನು ಮೊದಲೇ ಬಿಚ್ಚಿ ಹೇಳಿದ್ದರೆ ಜನ ಅರ್ಥಮಾಡಿಕೊಳ್ಳುತ್ತಿದ್ದರು. ಮುಚ್ಚಿಟ್ಟದ್ದು ಎಂದು ಕಂಡುದರಿಂದಲೇ ಅದು ನಾಲ್ಕು ವರ್ಷದ ಮೇಲೆ ಹಾಸನದಲ್ಲಿ ಬೇರೆ ರೂಪದಲ್ಲಿ ಎದ್ದಿತು.

ನಮ್ಮ ನಾಡು ಕಂಡ ಹಿಂದಿನ ಪಿಡುಗುಗಳು

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 1796ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಸಿಡುಬಿನಿಂದ ತೀರಿಕೊಂಡರು. ಅದೇ ವರ್ಷ ಇಂಗ್ಲೆಂಡಿನ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕಿ ತೋರಿಸಿದ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ರಾಣಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ, ಜನರ ಭಯ ಬಿಡಿಸಲು ಬರೆಸಿದ ಚಿತ್ರವಿದು ಎಂದು ಇತಿಹಾಸಕಾರರೊಬ್ಬರು ವಿವರಿಸಿದ್ದಾರೆ. ಮುಂದೆ ನಮ್ಮ ಹಿರಿಯರು ಅದನ್ನು ದಾಕು ಎಂದು ಕರೆದರು. ವಯಸ್ಸಾದವರ ತೋಳಿನ ಮೇಲೆ ಆ ಗುರುತನ್ನು ಈಗಲೂ ನೋಡಬಹುದು. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಿಸಿಲ್ಲ. 1980ರಲ್ಲಿ ಅದು ಲೋಕದಿಂದಲೇ ಹೋಯಿತೆಂದು ಸಾರಿದರು.

ಪ್ಲೇಗಿನ ಕಥೆ ಬೇರೆ. 1898ರಲ್ಲಿ ಅದು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರನ್ನು ಮುಟ್ಟಿತು. ಆ ಹಳಿ ಹಾದುಹೋಗುವುದು ಇದೇ ಅರಸೀಕೆರೆಯ ಮೂಲಕ. ಮನೆಗೆ ನುಗ್ಗಿ ಶೋಧಿಸುವುದು, ರೋಗಿಗಳನ್ನು ಎಳೆದೊಯ್ದು ಬೇರೆ ಇಡುವುದು ಇವೇ ಸರ್ಕಾರದ ಕ್ರಮಗಳಾದವು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನ ದಂಗೆಯೆದ್ದರು. ಅರಮನೆಯವರು ತಮ್ಮ ತೋಳನ್ನು ಮುಂದೆ ಮಾಡಿ ಜನರನ್ನು ಒಪ್ಪಿಸಲು ನೋಡಿದ್ದು ಒಂದು ದಾರಿ, ಲಾಠಿ ಹಿಡಿದು ಮನೆಗೆ ನುಗ್ಗಿದ್ದು ಇನ್ನೊಂದು. ಎರಡನೆಯದರಿಂದ ಜನ ರೋಗಿಗಳನ್ನು ಬಚ್ಚಿಟ್ಟರು, ಪಿಡುಗು ಹೆಚ್ಚಿತು.

ತಕ್ಕಡಿಗೆ ಎರಡು ತಟ್ಟೆ

ಹಾಗಾದರೆ ನಾವು ತೀರ್ಮಾನಿಸುವುದು ಹೇಗೆ? ಕೊಬ್ಬರಿ ತೂಗುವ ಊರಿನವರಿಗೆ ತೂಕ ಹೇಳಿಕೊಡಬೇಕಾಗಿಲ್ಲ. ಒಂದೇ ತಟ್ಟೆ ನೋಡಿ ಯಾರೂ ವ್ಯಾಪಾರ ಮಾಡುವುದಿಲ್ಲ. ಲಸಿಕೆಯ ಅಪಾಯ ಒಂದು ತಟ್ಟೆಯಲ್ಲಿದ್ದರೆ ರೋಗದ ಅಪಾಯ ಇನ್ನೊಂದರಲ್ಲಿದೆ.

ಮೊದಲನೆಯದಾಗಿ, ರೋಗ ಬಂದರೆ ನನಗೆ ಏನಾಗಬಹುದು ಎಂದು ಕೇಳಿ. ಸರ್ಕಾರದ ಲೆಕ್ಕದಲ್ಲಿಯೇ ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಕೋವಿಡ್ಡಿನಿಂದ ಸತ್ತರು. ವಯಸ್ಸು 60 ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹಲವು ಪಟ್ಟು ಹೆಚ್ಚಾಗಿತ್ತು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದೇ ದಿನದ ಅವಧಿಯಲ್ಲಿ 24 ಮಂದಿ ಅಸುನೀಗಿದರು. ಆಸ್ಪತ್ರೆ ತುಂಬಿದಾಗ ಹಾಸಿಗೆ ಸಿಗದೆ ಸಾಯುವವನು ಬಡವನೇ.

ಎರಡನೆಯದಾಗಿ, ಲಸಿಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಿರಿ. ಕೋವಿಡ್ ಲಸಿಕೆ ಸೋಂಕನ್ನು ಪೂರಾ ತಡೆಯಲಿಲ್ಲ. ಹಾಕಿಸಿಕೊಂಡವರಿಗೂ ಜ್ವರ ಬಂದಿತು. ಆದರೆ ಉಸಿರು ಕಟ್ಟಿ ಆಸ್ಪತ್ರೆ ಸೇರುವುದನ್ನು, ಸಾಯುವುದನ್ನು ಅದು ಬಹಳವಾಗಿ ತಗ್ಗಿಸಿತು. ಸೋಂಕೇ ಬರುವುದಿಲ್ಲ ಎಂದು ಹೇಳಿದವರು ಜನರಿಗೆ ಉಪಕಾರ ಮಾಡಲಿಲ್ಲ.

ಮೂರನೆಯದಾಗಿ, ನಿಮ್ಮ ಮನೆಯಲ್ಲಿ ಯಾರಿದ್ದಾರೆ ನೋಡಿ. ಹತ್ತು ಅಡಿ ಕೋಣೆಯಲ್ಲಿ ಮುದುಕ ತಾಯಿಯೊಡನೆ ಮಲಗುವ ಹಮಾಲಿಯ ಲೆಕ್ಕ, ಒಬ್ಬನೇ ಇರುವವನ ಲೆಕ್ಕದಂತಲ್ಲ. ಬೇಲೂರು, ಹಳೇಬೀಡಿನ ಅಂಗಡಿಯವರಿಗೂ ಇದು ಗೊತ್ತು. ಪುರಾತತ್ವ ಇಲಾಖೆ 2020ರ ಮಾರ್ಚ್‌ನಲ್ಲಿ ಸ್ಮಾರಕಗಳನ್ನು ಮುಚ್ಚಿತು. 2021ರ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮತ್ತೆ ಮುಚ್ಚಿತು. ಗುಡಿಯ ಮುಂದೆ ಎಳನೀರು, ಕಲ್ಲಿನ ಗೊಂಬೆ ಮಾರುವವರ, ಗೈಡುಗಳ ಒಲೆ ಆರಿತು. ಊರಿಗೇ ರೋಗ ತಗಲಿದರೆ ಒಬ್ಬನು ತಾನು ಗಟ್ಟಿಯಾಗಿದ್ದೇನೆಂದು ಅಂಗಡಿ ತೆರೆದಿಡಲಾಗುವುದಿಲ್ಲ.

ನಾಲ್ಕನೆಯದಾಗಿ, ಹೇಳುವವರು ಯಾರೆಂದು ನೋಡಿ. ಲಸಿಕೆ ಮಾರುವವರಿಗೆ ಲಾಭವಿದೆ. ಲಸಿಕೆಯ ಬದಲು ಕಷಾಯ, ಪುಡಿ ಮಾರುವವರಿಗೂ ಲಾಭವಿದೆ. ಇಬ್ಬರನ್ನೂ ಬಿಟ್ಟು, ನಿಮ್ಮ ಕಾಯಿಲೆಗಳನ್ನು ಬಲ್ಲ ಸರ್ಕಾರಿ ವೈದ್ಯರನ್ನು, ಆರೋಗ್ಯ ಕೇಂದ್ರದ ದಾದಿಯರನ್ನು ಕೇಳಿ. ಹಿಂದೆ ಸೂಜಿಯಿಂದ ಮೈ ಊದಿಕೊಂಡಿದ್ದರೆ, ರಕ್ತದ ತೊಂದರೆಯಿದ್ದರೆ ಮುಚ್ಚಿಡದೆ ಹೇಳಿ.

ಹೀಗೆ ತೂಗಿದರೆ, 2021ರಲ್ಲಿ ನಮ್ಮಂತಹ ಬಹುತೇಕ ಜನರ ಪಾಲಿಗೆ ಲಸಿಕೆಯ ಕಡೆಯೇ ತೂಕ ಹೆಚ್ಚಿತ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮುಂದೆ ಬರುವ ರೋಗ ಬೇರೆ, ಲಸಿಕೆ ಬೇರೆ ಆಗಿರಬಹುದು. ಆಗ ಹೊಸದಾಗಿ ತೂಗಬೇಕು. ತೂಗುವ ರೀತಿ ಮಾತ್ರ ಇದೇ.

ನಾವು ಕೇಳಬೇಕಾದುದು

ತೀರ್ಮಾನ ನಮ್ಮದೆಂದ ಮೇಲೆ ಅದಕ್ಕೆ ಬೇಕಾದುದನ್ನು ಕೇಳುವ ಹಕ್ಕೂ ನಮ್ಮದೇ. 2022ರ ಮೇ 2ರಂದು ಸುಪ್ರೀಂ ಕೋರ್ಟು ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಲಸಿಕೆಯ ನಂತರ ಆಗುವ ತೊಂದರೆಗಳನ್ನು ಜನರೇ ತಿಳಿಸುವಂತೆ, ಎಲ್ಲರಿಗೂ ಕಾಣುವಂತೆ ವ್ಯವಸ್ಥೆ ಮಾಡಿ ಎಂದೂ ಹೇಳಿತು. ಈ ಎರಡನ್ನೂ ನಾವು ಬಿಗಿಯಾಗಿ ಹಿಡಿದುಕೊಳ್ಳಬೇಕು.

ಲಸಿಕೆ ಮೊದಲ ದಿನದಿಂದ ಉಚಿತವಾಗಿರಲಿ. ಗಿರಣಿಯ ಬಾಗಿಲಲ್ಲಿ, ಕೊಬ್ಬರಿ ಮಾರುಕಟ್ಟೆಯಲ್ಲಿ, ಸಂಜೆಯ ಹೊತ್ತು ಹಾಕಲಿ. ಫೋನಿನಲ್ಲಿ ಹೆಸರು ಬರೆಸಲು ಬಾರದವನು ಹಿಂದೆ ಉಳಿಯಬಾರದು. ಸೂಜಿಯ ಮರುದಿನ ಮೈ ಕಾವೇರಿದರೆ ಎರಡು ದಿನದ ಕೂಲಿ ಕಡಿಯಬಾರದು. ಎಷ್ಟೋ ಮಂದಿ ಹಿಂಜರಿದದ್ದು ಸೂಜಿಗಲ್ಲ, ಕೂಲಿ ಹೋಗುತ್ತದೆಂದು. ಲಸಿಕೆಯಿಂದ ನಿಜವಾಗಿಯೂ ಹಾನಿಯಾದರೆ ಆ ಮನೆಗೆ ಕೋರ್ಟು ಅಲೆಸದೆ ಪರಿಹಾರ ಸಿಗಬೇಕು. ಬ್ರಿಟನ್ನಿನವರು 1979ರಲ್ಲಿಯೇ ಅದಕ್ಕೆ ಕಾನೂನು ಮಾಡಿಕೊಂಡರು. ಸಮಾಜದ ಒಳಿತಿಗೆಂದು ತೋಳು ಕೊಟ್ಟವನಿಗೆ ನೋವಾದರೆ ಸಮಾಜ ಹೊಣೆ ಹೊರಬೇಕಲ್ಲವೆ?

ಸಂಗಾತಿಗಳೇ, ಸರ್ಕಾರದ ಮೇಲೆ ಸಿಟ್ಟಿದ್ದರೆ ಅದನ್ನು ಸಭೆಯಲ್ಲಿ ಆಡಿರಿ, ಅರ್ಜಿ ಬರೆಯಿರಿ, ಮತ ಹಾಕುವಾಗ ನೆನೆಯಿರಿ. ಆ ಸಿಟ್ಟನ್ನು ಮನೆಯ ಮುದುಕರ ಪ್ರಾಣದ ಮೇಲೆ ತೀರಿಸಿಕೊಳ್ಳುವುದು ಬೇಡ. ಈ ಸಭೆಯಿಂದ ಹೋಗುವಾಗ ಒಂದು ಕೆಲಸ ಮಾಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದೆಯೆ ಎಂದು 40 ದಾಟಿದವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಚೀಟಿ ಇಟ್ಟುಕೊಳ್ಳಿ. ನಾಳೆ ಪಿಡುಗು ಬಂದಾಗ ತಕ್ಕಡಿಗೆ ಹಾಕಬೇಕಾದ ಮೊದಲ ಕಲ್ಲು ಆ ಚೀಟಿಯೇ.