ಅರ್ಧ ವಾಟಿನ ಸಂಗೀತ

ಕೋಡಿಬಾಗದಲ್ಲಿ ಸಮುದ್ರ ಸೇರುವ ಮುನ್ನ ಕಾಳಿ ನದಿ ಮಾಡಿ ಬರುವ ಕೆಲಸ ಅಲ್ಪದ್ದಲ್ಲ. ನಾಗಝರಿಯಲ್ಲಿ, ಕದ್ರಾದಲ್ಲಿ ಅದು ವಿದ್ಯುತ್ತಿನ ಚಕ್ರಗಳನ್ನು ತಿರುಗಿಸುತ್ತದೆ. ಅದರ ದಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ 4 ಅಣುಘಟಕಗಳಿವೆ. ಇಂಥ ಹೊಳೆಯ ಮುಖದಲ್ಲಿ ಕುಳಿತು ಒಂದು ವಾಟಿಗೂ ಕಡಿಮೆ ಶಕ್ತಿಯ ಯಂತ್ರದ ಮಾತನಾಡುವುದು ವಿನೋದವೆನಿಸೀತು. ಆದರೆ ಮನೆಯ ಒಂದು ಕೋಣೆಯ ಸಂಗೀತಕ್ಕೆ ಬೇಕಾಗುವುದು ಬಹಳವೆಂದರೆ ಅಷ್ಟೇ.

ಅಂಗಡಿಯ ಪೆಟ್ಟಿಗೆಗಳ ಮೇಲೆ ನೂರು, ಇನ್ನೂರು ವಾಟುಗಳೆಂದು ಬರೆದಿರುತ್ತದೆ. ನಮ್ಮ ಕಿವಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ಶಬ್ದವು ಇಮ್ಮಡಿಯಾದಂತೆ ತೋರಬೇಕಾದರೆ ಶಕ್ತಿ ಸುಮಾರು ಹತ್ತು ಮಡಿಯಾಗಬೇಕು. ಸಾಧಾರಣ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 85 ಡೆಸಿಬೆಲ್ ಕೇಳಿಸುತ್ತದೆ. ಎದುರು ಕುಳಿತವರ ಸಂಭಾಷಣೆ ಸುಮಾರು 60 ಡೆಸಿಬೆಲ್. ಅದಕ್ಕೆ ಒಂದು ವಾಟಿನ ಮುನ್ನೂರನೆಯ ಒಂದು ಭಾಗ ಸಾಕು. ಗಾಯಕರು ತಾರಸ್ಥಾಯಿಗೆ ಏರಿದಾಗ ಬೇಕಾಗುವ ಹೆಚ್ಚಿನ ಬಲವನ್ನು ಕೂಡಿಸಿದರೂ ಅರ್ಧ ವಾಟಿನೊಳಗೆ ಕೆಲಸ ಮುಗಿಯುತ್ತದೆ.

ಈ ಅರ್ಧ ವಾಟನ್ನು ಕೊಡುವ ಎಲ್‌ಎಂ 386 ಎಂಬ ಚಿಪ್ಪಿಗೆ 8 ಕಾಲುಗಳು, ಗಾತ್ರ ಹುಣಸೆಬೀಜದಷ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ. ಅದು ಬಂದ ಸಂಕೇತವನ್ನು 20 ಪಟ್ಟು ಹಿಗ್ಗಿಸುತ್ತದೆ. 1 ಮತ್ತು 8ನೆಯ ಕಾಲುಗಳ ನಡುವೆ 10 ಮೈಕ್ರೋಫ್ಯಾರಡಿನ ಕಂಡೆನ್ಸರ್ ಇಟ್ಟರೆ 200 ಪಟ್ಟು. ಅನೇಕರು ಈ ಆಸೆಗೆ ಬೀಳುತ್ತಾರೆ. ಇದರಿಂದ ಶಕ್ತಿಯೇನೂ ಹೆಚ್ಚುವುದಿಲ್ಲ. ಹಾಡಿನೊಡನೆ ಸುಯ್ ಎಂಬ ಸದ್ದೂ ಹಿಗ್ಗುತ್ತದೆ, ಅಷ್ಟೆ. ಇಪ್ಪತ್ತರಲ್ಲಿ ತೃಪ್ತಿಪಡುವುದೇ ಮೊದಲ ಸುಧಾರಣೆ.

ಎರಡನೆಯದು ಸ್ಪೀಕರಿಗೆ ಹೋಗುವ ದಾರಿಯ ಕಂಡೆನ್ಸರ್. ಅಲ್ಲಿ ಸಾಮಾನ್ಯವಾಗಿ 220 ಮೈಕ್ರೋಫ್ಯಾರಡಿನದನ್ನು ಹಾಕುತ್ತಾರೆ. 8 ಓಂ ಸ್ಪೀಕರಿನೊಡನೆ ಅದು ಸುಮಾರು 90 ಹರ್ಟ್ಸಿನ ಕೆಳಗಿನ ಸ್ವರಗಳನ್ನು ಕ್ಷೀಣಗೊಳಿಸುತ್ತದೆ. ಪುರುಷ ಗಾಯಕರೊಬ್ಬರು ಕರಿ ಒಂದರಲ್ಲಿ ಹಾಡುವಾಗ ತಂಬೂರಿಯ ಖರಜದ ತಂತಿ 69 ಹರ್ಟ್ಸಿನಲ್ಲಿ ಮಿಡಿಯುತ್ತದೆ. ಎಂದರೆ, ಮನ್ಸೂರರ ಧ್ವನಿಮುದ್ರಿಕೆಯನ್ನೇ ಹಾಕಿದರೂ ಆ ಗಾಯನ ನಿಂತ ನೆಲ ನಮಗೆ ಅರ್ಧ ಮಾತ್ರ ದಕ್ಕುತ್ತದೆ. 1000 ಮೈಕ್ರೋಫ್ಯಾರಡಿನ ಕಂಡೆನ್ಸರ್ ಹಾಕಿದರೆ ಆ ಗಡಿ 20 ಹರ್ಟ್ಸಿಗೆ ಇಳಿಯುತ್ತದೆ.

ಇಷ್ಟಾದರೂ ಬರಿಯ ಸ್ಪೀಕರಿನಿಂದ ಮಂದ್ರ ಹೊರಡದು. ಅದರ ಮುಂದಿನ ಅಲೆಯೂ ಹಿಂದಿನ ಅಲೆಯೂ ಸೇರಿ ಒಂದನ್ನೊಂದು ಅಳಿಸುತ್ತವೆ. ಅವನ್ನು ಬೇರ್ಪಡಿಸಲು ಪೆಟ್ಟಿಗೆ ಬೇಕು. ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ಹಿರಿಯರು ವಾರ್ತೆ ಕೇಳಿದ ಮರದ ರೇಡಿಯೋ ಗುಜರಿಯವನ ದಾರಿ ಕಾಯುತ್ತಿದೆ. ಅದರ ಕವಾಟುಗಳು ಸತ್ತಿರಬಹುದು, ಪೆಟ್ಟಿಗೆ ಸತ್ತಿಲ್ಲ. ಅದರಲ್ಲಿ 8 ಓಂ ಸ್ಪೀಕರ್ ಕೂರಿಸಿ, ಹಿಂಬದಿಗೆ ಬಿಗಿಯಾದ ಹಲಗೆ ಹೊಡೆದರೆ ಅದು ಇನ್ನೊಂದು ತಲೆಮಾರು ಹಾಡೀತು.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಹೊಸಬರು 230 ವೋಲ್ಟಿನ ತಂತಿಗೆ ಕೈಹಾಕದೆ 9 ವೋಲ್ಟಿನ ಸಿದ್ಧ ಅಡಾಪ್ಟರನ್ನೇ ಕೊಳ್ಳಬೇಕು. ಗುಂಯ್‌ಗುಡುವ ಸದ್ದಿದ್ದರೆ 7ನೆಯ ಕಾಲಿನಿಂದ ನೆಲದ ತಂತಿಗೆ 10 ಮೈಕ್ರೋಫ್ಯಾರಡಿನ ಕಂಡೆನ್ಸರ್ ಕೊಡಬೇಕು. ನೆಲದ ತಂತಿಗಳೆಲ್ಲವನ್ನೂ ಒಂದೇ ಬಿಂದುವಿನಲ್ಲಿ ಸೇರಿಸಬೇಕು.

ಕರಾವಳಿಗೆ ಮಾತ್ರ ಸೇರಿದ ಕಷ್ಟಗಳೂ ಉಂಟು. ಉಪ್ಪುಗಾಳಿ ತಾಮ್ರದ ಗೆರೆಗಳನ್ನು ಹಸಿರುಗಟ್ಟಿಸುತ್ತದೆ. ಬೆಸುಗೆಯ ಜಿಡ್ಡನ್ನು ಸ್ಪಿರಿಟಿನಿಂದ ತೊಳೆದು, ಒಣಗಿಸಿ, ವಾರ್ನಿಷಿನ ತೆಳುಲೇಪ ಕೊಡುವುದು ಇಲ್ಲಿ ಶೋಕಿಯಲ್ಲ, ಅಗತ್ಯ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಅರ್ಧ ವಾಟ್ ಸೋಲುತ್ತದೆಂಬುದೂ ನಿಜ. ಅಂಥ ಮನೆಗೆ ಟಿಡಿಎ 2030 ಎಂಬ ಹಿರಿಯ ಚಿಪ್ ಹತ್ತು ವಾಟನ್ನು ನಿರಾಯಾಸವಾಗಿ ಕೊಟ್ಟೀತು. ಆದರೆ ಅದಕ್ಕೆ ಶಾಖ ಹೀರುವ ಅಲ್ಯೂಮಿನಿಯಂ ಫಲಕ ಕಟ್ಟಲೇಬೇಕು.

ಕೊಂಡ ಪೆಟ್ಟಿಗೆ ಇದಕ್ಕಿಂತ ಅಗ್ಗವಾಗಿ ಸಿಗಬಹುದು. ಆ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಕೆಟ್ಟ ದಿನ ನಾವು ಅದರ ಮುಂದೆ ಅನಕ್ಷರಸ್ಥರಂತೆ ನಿಲ್ಲುತ್ತೇವೆ. ಹತ್ತೆಂಟು ಬೆಸುಗೆಗಳ ಈ ಯಂತ್ರವನ್ನು ಕಟ್ಟಿದ ಹುಡುಗನೋ ಹುಡುಗಿಯೋ ಹಾಗೆ ನಿಲ್ಲಬೇಕಾಗಿಲ್ಲ. ಸದ್ದು ನಿಂತದ್ದೆಲ್ಲಿ ಎಂದು ಹುಡುಕಲು ಅವರಿಗೆ ತಿಳಿದಿರುತ್ತದೆ. ಮನೆಯಲ್ಲಿ ಅಂಥ ಒಬ್ಬರಿದ್ದರೆ ಅಟ್ಟದ ರೇಡಿಯೋ ಗುಜರಿಗೆ ಹೋಗುವ ಮುನ್ನ ಒಮ್ಮೆ ಕೆಳಗಿಳಿದು ಬರುತ್ತದೆ.